ಮಹಿಳಾ ಕಾಲೇಜೋ, ಸಹಶಿಕ್ಷಣವೋ? ನಮ್ಮ ಜಿಲ್ಲೆಯ ಹೆಣ್ಣುಮಕ್ಕಳ ಉನ್ನತ ಶಿಕ್ಷಣದ ಇತಿಹಾಸ ಹೇಳುವ ಪಾಠ

ಪ್ರತಿ ವರ್ಷ ಪಿ.ಯು.ಸಿ. ದ್ವಿತೀಯ ವರ್ಷದ ಫಲಿತಾಂಶ ಬಂದ ಮರುದಿನದಿಂದಲೇ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಭಾಗದ ಅನೇಕ ಮುಸ್ಲಿಂ ಮನೆಗಳಲ್ಲಿ ಒಂದು ಚರ್ಚೆ ಆರಂಭವಾಗುತ್ತದೆ. ಪಾಸಾದವನು ಗಂಡುಮಗನಾದರೆ ಅವನಿಗೆ ಕೇಳುವ ಪ್ರಶ್ನೆ, "ಮುಂದ ಏನು ಕಲೀತಿ?" ಎಂದು. ಪಾಸಾದವಳು ಹೆಣ್ಣುಮಗಳಾದರೆ ಮೊದಲು ಬರುವ ಪ್ರಶ್ನೆ, "ಆ ಕಾಲೇಜಿನಾಗ ಹುಡುಗರೂ ಇರ್ತಾರೇನು?" ಎಂದು. ಅದೂ ಅವಳಿಗೆ ಕೇಳುವ ಪ್ರಶ್ನೆಯಲ್ಲ. ಅವಳ ತಂದೆಗೆ, ಅಣ್ಣನಿಗೆ, ಕೆಲವೊಮ್ಮೆ ಕಾಕಾ-ಮಾಮಾಗಳಿಗೆ ಕೇಳುವ ಪ್ರಶ್ನೆ. ಈ ಚರ್ಚೆ ಮುಗಿಯುವಷ್ಟರಲ್ಲಿ ಪ್ರವೇಶದ ಕೊನೆಯ ದಿನಾಂಕ ಮುಗಿದು ಹೋದ ಉದಾಹರಣೆಗಳಿಗೂ ಕೊರತೆಯಿಲ್ಲ.

ಮಹಿಳಾ ಕಾಲೇಜು ಮೇಲೋ, ಗಂಡು-ಹೆಣ್ಣು ಕೂಡಿ ಓದುವ ವಿಶ್ವವಿದ್ಯಾಲಯ ಮೇಲೋ ಎಂಬುದು ನಮ್ಮ ಮನೆಗಳಲ್ಲಿ ಹುಟ್ಟಿದ ಪ್ರಶ್ನೆಯಲ್ಲ, ನಮ್ಮ ಕಾಲದಲ್ಲಿ ಹುಟ್ಟಿದ ಪ್ರಶ್ನೆಯೂ ಅಲ್ಲ. ನೂರು ವರ್ಷಕ್ಕೂ ಮೊದಲೇ ದೊಡ್ಡ ದೊಡ್ಡ ಸುಧಾರಕರು ಇದರ ಬಗ್ಗೆ ತಲೆ ಕೆಡಿಸಿಕೊಂಡಿದ್ದರು. ಅವರು ನಡೆದ ದಾರಿಯನ್ನು ತಿಳಿದುಕೊಂಡರೆ ಇಂದಿನ ಪಾಲಕರಿಗೂ ವಿದ್ಯಾರ್ಥಿನಿಯರಿಗೂ ನಿರ್ಧಾರ ಮಾಡುವುದು ಸುಲಭವಾದೀತೆಂಬ ಉದ್ದೇಶದಿಂದ ಈ ಲೇಖನವನ್ನು ಬರೆಯಲಾಗಿದೆ.

ಒಂದೇ ಪ್ರಾಂತದಲ್ಲಿ ಎರಡು ದಾರಿ

1956ರ ನವೆಂಬರ್ 1ರವರೆಗೆ ನಮ್ಮ ವಿಜಾಪುರ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆದ್ದರಿಂದ ನಮ್ಮ ಭಾಗದ ಉನ್ನತ ಶಿಕ್ಷಣದ ಇತಿಹಾಸವನ್ನು ಮುಂಬಯಿ, ಪುಣೆಗಳಿಂದಲೇ ಆರಂಭಿಸಬೇಕಾಗುತ್ತದೆ.

1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯವು ಸ್ತ್ರೀಯರಿಗೆ ತನ್ನ ಪರೀಕ್ಷೆಗಳ ಬಾಗಿಲು ತೆರೆದದ್ದು 1883ರಲ್ಲಿ. ಬಾಗಿಲೇನೋ ತೆರೆಯಿತು, ಆದರೆ ಸ್ತ್ರೀಯರಿಗಾಗಿಯೇ ಇರುವ ಕಾಲೇಜು ಇರಲಿಲ್ಲ. ನಾಸಿಕದಲ್ಲಿ ಹುಟ್ಟಿದ ಕಾರ್ನೇಲಿಯಾ ಸೊರಾಬ್ಜಿ ಎಂಬ ಪಾರ್ಸಿ ಮೂಲದ ಕ್ರೈಸ್ತ ಯುವತಿ ಪುಣೆಯ ಡೆಕ್ಕನ್ ಕಾಲೇಜಿಗೆ ಸೇರಿದಾಗ ನೂರಾರು ಗಂಡುಹುಡುಗರ ನಡುವೆ ಆಕೆ ಒಬ್ಬಳೇ ವಿದ್ಯಾರ್ಥಿನಿ. ಹುಡುಗರು ತರಗತಿಯ ಬಾಗಿಲನ್ನು ಆಕೆಯ ಮುಖಕ್ಕೇ ಮುಚ್ಚುತ್ತಿದ್ದುದನ್ನು ಆಕೆ ನಂತರ ನೆನಪಿಸಿಕೊಂಡಿದ್ದಾಳೆ. ಆದರೂ 1880ರ ದಶಕದ ಕೊನೆಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿ ಮುಂಬಯಿ ವಿಶ್ವವಿದ್ಯಾಲಯದ ಪ್ರಥಮ ಮಹಿಳಾ ಪದವೀಧರೆ ಎನಿಸಿದಳು. ಆ ಯೋಗ್ಯತೆಗೆ ಇಂಗ್ಲೆಂಡಿನಲ್ಲಿ ಓದಲು ಸಿಗಬೇಕಾಗಿದ್ದ ಸರ್ಕಾರಿ ವಿದ್ಯಾರ್ಥಿವೇತನವನ್ನು ಹೆಣ್ಣೆಂಬ ಕಾರಣಕ್ಕೆ ನಿರಾಕರಿಸಲಾಯಿತು. ಹಿತೈಷಿಗಳ ನೆರವಿನಿಂದ ಆಕ್ಸ್‌ಫರ್ಡಿಗೆ ಹೋಗಿ 1892ರಲ್ಲಿ ಕಾನೂನು ಪದವಿಯ ಪರೀಕ್ಷೆಗೆ ಕುಳಿತ ಮೊದಲ ಮಹಿಳೆಯಾದಳು. ಆದರೆ ಆ ಪದವಿಯ ಪ್ರಮಾಣಪತ್ರ ಆಕೆಯ ಕೈಗೆ ಬಂದದ್ದು 1922ರಲ್ಲಿ, ಅಂದರೆ ಮೂವತ್ತು ವರ್ಷಗಳ ಬಳಿಕ!

ಇದು ಮೊದಲ ದಾರಿ. ಗಂಡಸರ ಅಳತೆಗೋಲಿನಲ್ಲೇ ಅಳೆಸಿಕೊಂಡು ಗೆದ್ದ ದಾರಿ. ಆದರೆ ಕಾರ್ನೇಲಿಯಾಳ ತಂದೆ-ತಾಯಿಯಂತಹ ಪಾಲಕರು ಎಷ್ಟು ಜನರಿದ್ದಾರು? ಸಾವಿರ ಮನೆಗಳಲ್ಲಿ ಒಂದು ಮನೆಯ ಹುಡುಗಿ ಮಾತ್ರ ನಡೆಯಬಹುದಾದ ದಾರಿ ಅದು.

ಎರಡನೆಯ ದಾರಿಯನ್ನು ತೆರೆದವರು ಮಹರ್ಷಿ ಧೋಂಡೋ ಕೇಶವ ಕರ್ವೆಯವರು. 1896ರಲ್ಲಿ ಪುಣೆಯಲ್ಲಿ ವಿಧವೆಯರಿಗಾಗಿ ಆಶ್ರಮವನ್ನು ಸ್ಥಾಪಿಸಿ ದುಡಿಯುತ್ತಿದ್ದ ಅವರಿಗೆ, ಟೋಕಿಯೋದ ಜಪಾನ್ ಮಹಿಳಾ ವಿಶ್ವವಿದ್ಯಾಲಯದ ಬಗ್ಗೆ ಬಂದ ಒಂದು ಕಿರುಪುಸ್ತಿಕೆ ಸ್ಫೂರ್ತಿಯಾಯಿತು. 1915ರ ಸಾಮಾಜಿಕ ಪರಿಷತ್ತಿನ ಅಧ್ಯಕ್ಷ ಪೀಠದಿಂದ ಅವರು ಭಾರತಕ್ಕೂ ಮಹಿಳಾ ವಿಶ್ವವಿದ್ಯಾಲಯ ಬೇಕೆಂದು ಸಾರಿದರು. 1916ರಲ್ಲಿ ಬೆರಳೆಣಿಕೆಯ ವಿದ್ಯಾರ್ಥಿನಿಯರೊಂದಿಗೆ ಅದು ಆರಂಭವೂ ಆಯಿತು. ಮಾತೃಭಾಷೆಯಲ್ಲಿ ಬೋಧನೆ, ಮನೆಗೆಲಸ-ಆರೋಗ್ಯಕ್ಕೆ ಸಂಬಂಧಿಸಿದ ವಿಷಯಗಳು, ಮನೆಯಲ್ಲೇ ಕುಳಿತು ಓದಿ ಪರೀಕ್ಷೆಗೆ ಹಾಜರಾಗುವ ಸೌಲಭ್ಯ ಇವು ಅದರ ವಿಶೇಷಗಳು. 1920ರಲ್ಲಿ ಸರ್ ವಿಠ್ಠಲದಾಸ ಠಾಕರಸಿಯವರು 15 ಲಕ್ಷ ರೂಪಾಯಿಗಳ ದಾನ ನೀಡಿದ್ದರಿಂದ ಅವರ ತಾಯಿಯ ಹೆಸರಿನಲ್ಲಿ ಅದು ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯವಾಯಿತು.

ಪ್ರತ್ಯೇಕ ಪಠ್ಯಕ್ರಮದಿಂದ ಹೆಣ್ಣುಮಕ್ಕಳ ಪದವಿಯ ಬೆಲೆ ಕುಗ್ಗುವುದಿಲ್ಲವೇ ಎಂಬ ಟೀಕೆ ಆಗಲೂ ಇತ್ತು. ಅದರಲ್ಲಿ ಸತ್ಯಾಂಶವಿಲ್ಲದೆ ಇರಲಿಲ್ಲ. ಆ ವಿಶ್ವವಿದ್ಯಾಲಯಕ್ಕೆ ಶಾಸನಬದ್ಧ ಸ್ಥಾನಮಾನ ದೊರೆತದ್ದು ಸ್ವಾತಂತ್ರ್ಯಾನಂತರ, 1951ರಲ್ಲಿ. ಅಲ್ಲಿಯವರೆಗಿನ ಮೂವತ್ತೈದು ವರ್ಷ ಅಲ್ಲಿ ಕಲಿತ ಹೆಣ್ಣುಮಕ್ಕಳ ಪದವಿಯ ಹಿಂದೆ ಕಾಯ್ದೆಯ ಬಲವಿರಲಿಲ್ಲ. ಆದರೆ ಸಹಶಿಕ್ಷಣದ ಕಾಲೇಜಿನ ಹೊಸ್ತಿಲನ್ನೂ ತುಳಿಯಲಾಗದಿದ್ದ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಕರ್ವೆಯವರ ಕಾರಣದಿಂದ ಓದಿದರು ಎಂಬುದೂ ಅಷ್ಟೇ ಸತ್ಯ.

ಅಲಿಗಢದ ಅನುಭವ

ಇದೇ ಸಮಸ್ಯೆಯನ್ನು ಮುಸ್ಲಿಂ ಸಮಾಜ ಹೇಗೆ ಎದುರಿಸಿತು ಎಂಬುದಕ್ಕೆ ಅಲಿಗಢವೇ ಸಾಕ್ಷಿ. ಸರ್ ಸೈಯದರ ಕಾಲೇಜಿನಲ್ಲಿ ಗಂಡುಮಕ್ಕಳಿಗಷ್ಟೇ ಅವಕಾಶವಿತ್ತು. ಅದೇ ಊರಿನ ವಕೀಲ ಶೇಖ್ ಅಬ್ದುಲ್ಲಾ ಮತ್ತು ಅವರ ಪತ್ನಿ ವಾಹಿದ್ ಜಹಾಂ ಬೇಗಂ ಅವರು 1904ರಲ್ಲಿ 'ಖಾತೂನ್' ಎಂಬ ಉರ್ದು ಪತ್ರಿಕೆಯನ್ನು ಹೊರಡಿಸಿ ಸ್ತ್ರೀಶಿಕ್ಷಣದ ಪರವಾಗಿ ಜನಮತ ರೂಪಿಸಿದರು. 1906ರಲ್ಲಿ ಬಾಲಕಿಯರ ಶಾಲೆ ತೆರೆದರು. ಹುಡುಗಿಯರು ಪರದೆ ಕಟ್ಟಿದ ಡೋಲಿಗಳಲ್ಲಿ ಶಾಲೆಗೆ ಬರುತ್ತಿದ್ದರು.

1914ರಲ್ಲಿ ವಸತಿಗೃಹ ಆರಂಭವಾಯಿತು. ಭೋಪಾಲದ ಆಡಳಿತ ನಡೆಸುತ್ತಿದ್ದ ಸುಲ್ತಾನ್ ಜಹಾಂ ಬೇಗಂ ಅದನ್ನು ಉದ್ಘಾಟಿಸಿದರು. ದೂರದೂರಿನ ಪಾಲಕರು ತಮ್ಮ ಮಗಳನ್ನು ಕಳಿಸಬೇಕಾದರೆ ಅಲ್ಲಿ ಮನೆಯ ವಾತಾವರಣವಿರಬೇಕೆಂದು ವಾಹಿದ್ ಜಹಾಂ ಬೇಗಂ ತಾವೇ ಅದರ ಹೊಣೆ ಹೊತ್ತರು. ವಿದ್ಯಾರ್ಥಿನಿಯರಿಗೆ ಆಕೆ 'ಆಲಾ ಬೀ', ಶೇಖ್ ಅಬ್ದುಲ್ಲಾ 'ಪಾಪಾ ಮಿಯಾಂ'. ಒಳ್ಳೆಯ ವಸತಿಗೃಹವಿಲ್ಲದೆ ಹೆಣ್ಣುಮಕ್ಕಳ ಉನ್ನತ ಶಿಕ್ಷಣವಿಲ್ಲ ಎಂಬುದನ್ನು ಅವರು ಅಂದೇ ಕಂಡುಕೊಂಡಿದ್ದರು. 1920ರಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದರ ಪ್ರಥಮ ಕುಲಾಧಿಪತಿಯಾದವರು ಅದೇ ಸುಲ್ತಾನ್ ಜಹಾಂ ಬೇಗಂ ಎಂಬುದು ನಮ್ಮ ವಿದ್ಯಾರ್ಥಿನಿಯರು ಮರೆಯಬಾರದ ಸಂಗತಿ. ಮುಂದೆ 1930ರ ದಶಕದಲ್ಲಿ ಆ ಶಾಲೆಯೇ ಬೆಳೆದು ಪದವಿ ಕಾಲೇಜಾಯಿತು.

ಅಲಿಗಢದ ವ್ಯವಸ್ಥೆಯಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಹೆಣ್ಣುಮಕ್ಕಳು ಪದವಿಯವರೆಗೆ ಮಹಿಳಾ ಕಾಲೇಜಿನಲ್ಲಿ ಓದುತ್ತಾರೆ. ಎಂ.ಎ., ಎಂ.ಎಸ್ಸಿ.ಗೆ ಬಂದಾಗ ಮುಖ್ಯ ಆವರಣದ ವಿಭಾಗಗಳಲ್ಲಿ ಗಂಡುಮಕ್ಕಳೊಂದಿಗೆ ಓದುತ್ತಾರೆ. ಅಂದರೆ ಮಹಿಳಾ ಕಾಲೇಜು ಮತ್ತು ಸಹಶಿಕ್ಷಣ ಅಲ್ಲಿ ಒಂದರ ನಂತರ ಒಂದು ಬರುವ ಮೆಟ್ಟಿಲುಗಳು.

ಹಾಗೆಂದು ಅಲ್ಲಿ ಎಲ್ಲವೂ ಸರಿಯಾಗಿತ್ತೆಂದಲ್ಲ. ಮಹಿಳಾ ಕಾಲೇಜಿನ ಪದವಿ ವಿದ್ಯಾರ್ಥಿನಿಯರಿಗೆ ವಿಶ್ವವಿದ್ಯಾಲಯದ ಹೆಸರಾಂತ ಮೌಲಾನಾ ಆಜಾದ್ ಗ್ರಂಥಾಲಯಕ್ಕೆ ಹೋಗಿ ಓದಲು ಅವಕಾಶವಿರಲಿಲ್ಲ. 2014ರಲ್ಲಿ ಇದು ದೇಶದಾದ್ಯಂತ ಚರ್ಚೆಯಾಗಿ, ಅಲಹಾಬಾದ್ ಹೈಕೋರ್ಟ್ ಮಧ್ಯೆ ಪ್ರವೇಶಿಸಬೇಕಾಯಿತು. ಪ್ರತ್ಯೇಕ ಕಟ್ಟಡ ಕೊಟ್ಟವರು ಪ್ರತ್ಯೇಕವಾಗಿಯಾದರೂ ಸಮಾನವಾದ ಗ್ರಂಥಾಲಯ ಕೊಟ್ಟಿದ್ದಾರೆಯೇ ಎಂದು ಕೇಳುವುದು ತಪ್ಪಲ್ಲ ಎಂಬ ಪಾಠ ಇದರಲ್ಲಿದೆ.

ನಮ್ಮ ಜಿಲ್ಲೆಯಲ್ಲಿ ಹೆಜ್ಜೆಗಳು

ವಿಜಾಪುರಕ್ಕೆ ಕಲಿತ ಸ್ತ್ರೀಯರ ಪರಂಪರೆ ಹೊಸದಲ್ಲ. ಆದಿಲಶಾಹಿ ಕಾಲದಲ್ಲಿ ರಾಜ್ಯಭಾರ ನಿರ್ವಹಿಸಿದ ಚಾಂದಬೀಬಿ ಅರಬಿ, ಫಾರಸಿಗಳ ಜೊತೆಗೆ ಕನ್ನಡ, ಮರಾಠಿಗಳನ್ನೂ ಬಲ್ಲವಳಾಗಿದ್ದಳೆಂದು ಹೇಳುತ್ತಾರೆ. ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರು ಹಾಡುತ್ತಿದ್ದ ದಖನಿ 'ಚಕ್ಕಿನಾಮಾ'ಗಳ ಮೂಲಕ ಇಲ್ಲಿಯ ಸೂಫಿಗಳ ಬೋಧನೆ ಮನೆ ಮನೆಗೆ ತಲುಪಿತ್ತು. ಆದರೆ ಅರಮನೆಯ ಕಲಿಕೆಯಾಗಲಿ, ಬೀಸುಕಲ್ಲಿನ ಕಲಿಕೆಯಾಗಲಿ ಮನೆಯೊಳಗಿನದು. ಹೆಣ್ಣುಮಗಳು ಮನೆಬಿಟ್ಟು ಹೊರಗೆ ಹೋಗಿ ಪದವಿ ಪಡೆಯುವ ಕಾಲ ಬಂದದ್ದು ಬಹಳ ತಡವಾಗಿ.

1910ರಲ್ಲಿ ವಚನ ಪಿತಾಮಹ ಡಾ. ಫ.ಗು. ಹಳಕಟ್ಟಿಯವರ ಮುಂದಾಳತ್ವದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಹುಟ್ಟಿತು. ಪದವಿ ಓದಬೇಕೆನ್ನುವವರು ಮೊದಲು ಪುಣೆ, ಕೊಲ್ಹಾಪುರಗಳತ್ತ ನೋಡಬೇಕಿತ್ತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದ ಮೇಲೆ ಧಾರವಾಡದತ್ತ ಮುಖ ಮಾಡಿದರು. ವಿಜಾಪುರ ನಗರಕ್ಕೇ ಪದವಿ ಕಾಲೇಜು ಬಂದದ್ದು 1940ರ ದಶಕದಲ್ಲಿ. 1949ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮರುವರ್ಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯವೇ ಮುಂದಿನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಮ್ಮ ಜಿಲ್ಲೆಯ ವಿಶ್ವವಿದ್ಯಾಲಯವಾಗಿತ್ತು. ವಿಜಾಪುರದಿಂದ ಧಾರವಾಡಕ್ಕೆ ಸುಮಾರು 200 ಕಿ.ಮೀ. ಮುದ್ದೇಬಿಹಾಳದ ಹಳ್ಳಿಯ ಒಬ್ಬ ಹುಡುಗಿ ಎಂ.ಎ. ಓದಬೇಕೆಂದರೆ ಸಹಶಿಕ್ಷಣದ ಪ್ರಶ್ನೆ ಏಳುವ ಮೊದಲೇ ದೂರದ ಪ್ರಶ್ನೆ ಅಡ್ಡ ಬರುತ್ತಿತ್ತು.

ಈ ಪರಿಸ್ಥಿತಿಯಲ್ಲಿ ನಗರದಲ್ಲಿ ಹುಟ್ಟಿದ ಮಹಿಳಾ ಕಾಲೇಜುಗಳ ಸೇವೆಯನ್ನು ಕಡೆಗಣಿಸುವಂತಿಲ್ಲ. ಎಸ್.ಎ. ಪುಣೇಕರ ಅವರು ಕಟ್ಟಿದ ಸಿಕ್ಯಾಬ್ ಸಂಸ್ಥೆಯ ಎ.ಆರ್.ಎಸ್. ಇನಾಮದಾರ ಮಹಿಳಾ ಕಾಲೇಜು, ಬಿ.ಎಲ್.ಡಿ.ಇ. ಸಂಸ್ಥೆಯ ಶ್ರೀಮತಿ ಬಂಗಾರಮ್ಮ ಸಜ್ಜನ ಮಹಿಳಾ ಕಾಲೇಜುಗಳಿಂದ ಎಷ್ಟೋ ಮನೆಗಳ ಮೊದಲ ಪದವೀಧರೆಯರು ಹೊರಬಂದಿದ್ದಾರೆ. ಪಕ್ಕದ ಕಲಬುರ್ಗಿಯಲ್ಲಿ ಖಾಜಾ ಎಜ್ಯುಕೇಶನ್ ಸೊಸೈಟಿಯ ಬೀಬಿ ರಜಾ ಮಹಿಳಾ ಕಾಲೇಜು ಇದೇ ಕಾರ್ಯ ಮಾಡಿದೆ. "ಹುಡುಗಿಯರ ಕಾಲೇಜು" ಎಂಬ ಒಂದೇ ಮಾತು ಎಷ್ಟೋ ತಂದೆಯರ ಒಪ್ಪಿಗೆ ಪಡೆಯಲು ಸಾಕಾಯಿತು.

2003: ವಿಶ್ವವಿದ್ಯಾಲಯವೇ ಊರಿಗೆ ಬಂತು

2003ರಲ್ಲಿ ಒಂದು ಮಹತ್ವದ ಘಟನೆ ನಡೆಯಿತು. ರಾಜ್ಯದ ಪ್ರಥಮ ಮಹಿಳಾ ವಿಶ್ವವಿದ್ಯಾಲಯ ಬೆಂಗಳೂರಿನಲ್ಲಾಗಲಿ ಮೈಸೂರಿನಲ್ಲಾಗಲಿ ಆರಂಭವಾಗದೆ ವಿಜಾಪುರದಲ್ಲಿ ಆರಂಭವಾಯಿತು. ಅದರ ಅಗತ್ಯ ಎಷ್ಟಿತ್ತೆಂಬುದನ್ನು ಜನಗಣತಿಯೇ ಹೇಳುತ್ತದೆ. 2001ರಲ್ಲಿ ಜಿಲ್ಲೆಯ ಪುರುಷರ ಸಾಕ್ಷರತೆ ಶೇ. 70ರ ಸಮೀಪವಿದ್ದರೆ ಮಹಿಳೆಯರದು ಶೇ. 43ರಷ್ಟಿತ್ತು. 2011ರ ಹೊತ್ತಿಗೆ ಮಹಿಳೆಯರ ಪ್ರಮಾಣ ಶೇ. 57ರ ಸಮೀಪಕ್ಕೆ ಏರಿತು. ಹತ್ತು ವರ್ಷಗಳಲ್ಲಿ ಗಮನಾರ್ಹ ಪ್ರಗತಿಯೇ, ಆದರೂ ಪುರುಷರಿಗಿಂತ ಇಪ್ಪತ್ತು ಅಂಶ ಹಿಂದೆ.

ಹೊಸ ವಿಶ್ವವಿದ್ಯಾಲಯದ ಪ್ರಥಮ ಕುಲಪತಿಗಳಾದವರು ಪ್ರೊ. ಸೈಯದಾ ಅಖ್ತರ್. ಮುಂದೆ ಕನ್ನಡದ ಲೇಖಕಿ, ವಿಮರ್ಶಕಿ ಪ್ರೊ. ಸಬಿಹಾ ಭೂಮಿಗೌಡ ಅವರೂ ಈ ಸ್ಥಾನವನ್ನು ಅಲಂಕರಿಸಿದರು. ಅವರು ಅದಕ್ಕೆ ಮೊದಲು ಪ್ರಾಧ್ಯಾಪಕಿಯಾಗಿದ್ದುದು ಗಂಡು-ಹೆಣ್ಣು ಕೂಡಿ ಓದುವ ಮಂಗಳೂರು ವಿಶ್ವವಿದ್ಯಾಲಯದಲ್ಲಿ. ಇಬ್ಬರು ಮುಸ್ಲಿಂ ಮಹಿಳೆಯರು ನಮ್ಮದೇ ಊರಿನ ವಿಶ್ವವಿದ್ಯಾಲಯವನ್ನು ಮುನ್ನಡೆಸಿದ್ದಾರೆಂಬುದನ್ನು "ನಮ್ಮ ಹುಡುಗಿಯರಿಗೆ ಇಷ್ಟು ಓದು ಸಾಕು" ಎನ್ನುವವರ ಗಮನಕ್ಕೆ ತರುವುದು ಸೂಕ್ತ.

ಈ ವಿಶ್ವವಿದ್ಯಾಲಯ ಬಂದಮೇಲೆ ಉತ್ತರ ಕರ್ನಾಟಕದ ಮಹಿಳಾ ಕಾಲೇಜುಗಳು ಅದರ ವ್ಯಾಪ್ತಿಗೆ ಸೇರಿದವು. ಸಹಶಿಕ್ಷಣದ ಕಾಲೇಜುಗಳು ಧಾರವಾಡದ ಅಡಿಯಲ್ಲೇ ಉಳಿದವು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅವು ಅದಕ್ಕೆ ವರ್ಗವಾದವು. ಹೀಗಾಗಿ ಒಂದೇ ಊರಿನ ಎರಡು ಕಾಲೇಜುಗಳಲ್ಲಿ ಬಿ.ಎ. ಓದುವ ಅಕ್ಕ-ತಂಗಿಯರ ಪ್ರಮಾಣಪತ್ರಗಳ ಮೇಲೆ ಎರಡು ಬೇರೆ ಬೇರೆ ವಿಶ್ವವಿದ್ಯಾಲಯಗಳ ಮುದ್ರೆ ಬೀಳತೊಡಗಿತು. ಮೊದಲು ಕಾಲೇಜನ್ನಷ್ಟೇ ಆರಿಸಿಕೊಳ್ಳುತ್ತಿದ್ದ ವಿದ್ಯಾರ್ಥಿನಿ ಈಗ ವಿಶ್ವವಿದ್ಯಾಲಯವನ್ನೂ ಆರಿಸಿಕೊಂಡಂತಾಯಿತು.

ಸ್ವಾರಸ್ಯವೆಂದರೆ ಮಹಿಳಾ ವಿಶ್ವವಿದ್ಯಾಲಯದ 'ಜ್ಞಾನಶಕ್ತಿ' ಆವರಣವೂ, ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವೂ ನಗರದ ಹೊರಗಿನ ತೊರವಿಯಲ್ಲೇ ಇವೆ. ಎರಡನೆಯ ಇಬ್ರಾಹಿಂ ಆದಿಲಶಹಾನು ನವರಸಪುರವನ್ನು ಕಟ್ಟಲು ಹೊರಟ ಪರಿಸರವದು. ಎರಡು ದಾರಿಗಳೂ ಒಂದೇ ಊರಿಗೆ ಬಂದು ಸೇರಿವೆ.

2017ರಲ್ಲಿ ಮಹಿಳಾ ವಿಶ್ವವಿದ್ಯಾಲಯಕ್ಕೆ ಅಕ್ಕಮಹಾದೇವಿಯ ಹೆಸರನ್ನು ಇಡಲಾಯಿತು. ಅಕ್ಕಮಹಾದೇವಿಯು ಕಲ್ಯಾಣದ ಅನುಭವ ಮಂಟಪದಲ್ಲಿ ಅಲ್ಲಮಪ್ರಭುವಿನ ಕಠಿಣ ಪ್ರಶ್ನೆಗಳಿಗೆ ಉತ್ತರ ಕೊಟ್ಟಳೆಂದು ಪರಂಪರೆ ಹೇಳುತ್ತದೆ. ಬಸವನಬಾಗೇವಾಡಿಯ ಮಣ್ಣಿನಲ್ಲಿ ಹುಟ್ಟಿದ ಬಸವಣ್ಣನವರ ಆ ಮಂಟಪದಲ್ಲಿ ಶರಣರೂ ಶರಣೆಯರೂ ಕೂಡಿಯೇ ಕುಳಿತಿದ್ದರು. ಹೆಣ್ಣುಮಕ್ಕಳಿಗಷ್ಟೇ ಮೀಸಲಾದ ವಿದ್ಯಾಕೇಂದ್ರಕ್ಕೆ, ಗಂಡು-ಹೆಣ್ಣು ಕೂಡಿದ್ದ ಸಭೆಯಲ್ಲಿ ಅಂಜದೆ ಮಾತಾಡಿದ ಹೆಣ್ಣುಮಗಳ ಹೆಸರಿದೆ. ಅಲ್ಲಿ ಓದುವವರು ಇದನ್ನು ಯೋಚಿಸುವುದು ಒಳ್ಳೆಯದು.

ಪದವಿಯ ಬೆಲೆ ಕಡಿಮೆಯೇ?

"ಮಹಿಳಾ ವಿಶ್ವವಿದ್ಯಾಲಯದ ಡಿಗ್ರಿ ನೌಕರಿಗೆ ನಡೆಯುತ್ತದೆಯೇ?" ಎಂದು ಈಗಲೂ ಕೇಳುವವರಿದ್ದಾರೆ. 1951ಕ್ಕೆ ಮುಂಚೆ ಕರ್ವೆಯವರ ವಿದ್ಯಾರ್ಥಿನಿಯರಿಗೆ ಈ ಆತಂಕ ಸಹಜವಾಗಿತ್ತು. ಇಂದು ಅದಕ್ಕೆ ಆಧಾರವಿಲ್ಲ. 1956ರ ಯು.ಜಿ.ಸಿ. ಕಾಯ್ದೆಯ 22ನೇ ಕಲಮಿನ ಪ್ರಕಾರ ಕೇಂದ್ರದ ಅಥವಾ ರಾಜ್ಯದ ಕಾಯ್ದೆಯಿಂದ ಸ್ಥಾಪನೆಯಾದ ಎಲ್ಲ ವಿಶ್ವವಿದ್ಯಾಲಯಗಳಿಗೂ ಪದವಿ ನೀಡುವ ಅಧಿಕಾರ ಒಂದೇ ಬಗೆಯದು. ಧಾರವಾಡದ ಬಿ.ಎ., ಬೆಳಗಾವಿಯ ಬಿ.ಎ., ತೊರವಿಯ ಬಿ.ಎ. ಕಾಯ್ದೆಯ ಕಣ್ಣಿನಲ್ಲಿ ಒಂದೇ.

ಮಾನ್ಯತೆಯ ಎಚ್ಚರ ಬೇಕಾಗಿರುವುದು ಬೇರೆ ಕಡೆ. ಕಾಲೇಜಿನ ತಂಟೆಯೇ ಬೇಡವೆಂದು ಮನೆಯಿಂದಲೇ ಅಂಚೆ ಶಿಕ್ಷಣ ಕೊಡಿಸುವ ಪಾಲಕರಿದ್ದಾರೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2012-13ರ ನಂತರದ ವರ್ಷಗಳಿಗೆ ಯು.ಜಿ.ಸಿ. ಮಾನ್ಯತೆ ತಪ್ಪಿಹೋಗಿ, 2018ರಲ್ಲಿ ಮತ್ತೆ ದೊರೆಯುವವರೆಗೆ ವಿದ್ಯಾರ್ಥಿಗಳು ಅನುಭವಿಸಿದ ಆತಂಕ ಎಲ್ಲರಿಗೂ ತಿಳಿದದ್ದೇ. ದೂರಶಿಕ್ಷಣ ಕೆಟ್ಟದ್ದಲ್ಲ, ಹೈದರಾಬಾದಿನಲ್ಲಿ 1998ರಲ್ಲಿ ಸ್ಥಾಪನೆಯಾದ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯ ಆ ಮೂಲಕ ಅನೇಕರಿಗೆ ನೆರವಾಗಿದೆ. ಆದರೆ ತರಗತಿ, ಗುರುಗಳು, ಗೆಳತಿಯರು, ಗ್ರಂಥಾಲಯ ಎಲ್ಲ ಸಿಗುವ ಅವಕಾಶವಿದ್ದೂ ಮಗಳನ್ನು ಮನೆಯಲ್ಲೇ ಕೂರಿಸುವುದು ಅವಳಿಗೆ ಮಾಡುವ ಅನ್ಯಾಯ.

ನಾಲ್ಕು ತಾಲೂಕುಗಳ ವಾಸ್ತವ ಸ್ಥಿತಿ

ಇನ್ನು ನಮ್ಮ ನಾಲ್ಕು ತಾಲೂಕುಗಳ ಕಡೆ ನೋಡೋಣ. ಇತ್ತೀಚಿನ ವರ್ಷಗಳಲ್ಲಿ ಇವುಗಳಿಂದ ಚಡಚಣ, ದೇವರಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಮುಂತಾದ ಹೊಸ ತಾಲೂಕುಗಳು ಮೂಡಿವೆ. ಸರ್ಕಾರಿ ಕಚೇರಿಗಳು ಹತ್ತಿರ ಬಂದಿವೆ, ಆದರೆ ಉನ್ನತ ಶಿಕ್ಷಣದ ದೂರ ಹೆಚ್ಚೇನೂ ಕಡಿಮೆಯಾಗಿಲ್ಲ.

ತಾಲೂಕು ಕೇಂದ್ರಗಳ ಹಳೆಯ ಪದವಿ ಕಾಲೇಜುಗಳೆಂದರೆ ಸಿಂದಗಿಯ ಜಿ.ಪಿ. ಪೋರವಾಲ ಕಾಲೇಜು, ಮುದ್ದೇಬಿಹಾಳದ ಎಂ.ಜಿ.ವಿ.ಸಿ. ಕಾಲೇಜು, ಇಂಡಿಯ ಜಿ.ಆರ್. ಗಾಂಧಿ ಕಲಾ ಕಾಲೇಜು, ಬಸವನಬಾಗೇವಾಡಿಯ ಬಸವೇಶ್ವರ ಕಾಲೇಜು. ಇವೆಲ್ಲ ಸಹಶಿಕ್ಷಣದ ಕಾಲೇಜುಗಳೇ. ಸಿಂದಗಿಯಂತಹ ಕಡೆ ಮಹಿಳಾ ಪದವಿ ಕಾಲೇಜು ಬಂದಿದೆಯಾದರೂ ವಿಷಯಗಳ ಆಯ್ಕೆ ಬೇಕೆನ್ನುವವರು ವಿಜಯಪುರದ ಮಹಿಳಾ ಕಾಲೇಜುಗಳಿಗೇ ಬರಬೇಕು. ಬಸವನಬಾಗೇವಾಡಿಯಿಂದ ಸುಮಾರು 45 ಕಿ.ಮೀ., ಇಂಡಿ ಮತ್ತು ಸಿಂದಗಿಗಳಿಂದ 55ರಿಂದ 60 ಕಿ.ಮೀ., ಮುದ್ದೇಬಿಹಾಳದಿಂದ ಸುಮಾರು 80 ಕಿ.ಮೀ. ಇದು ತಾಲೂಕು ಕೇಂದ್ರದಿಂದ ಮಾತ್ರ. ಹಳ್ಳಿಯಿಂದ ತಾಲೂಕಿಗೆ ಬರುವ ದಾರಿ ಬೇರೆ.

ಇಲ್ಲಿಯೇ ನಮ್ಮ ಪಾಲಕರ ಮುಂದಿರುವ ನಿಜವಾದ ಇಕ್ಕಟ್ಟು ಇದೆ. ಹುಡುಗರಿರುವ ಕಾಲೇಜು ಮನೆಯ ಸಮೀಪದಲ್ಲಿದೆ. ಮಗಳು ಮಧ್ಯಾಹ್ನಕ್ಕೆ ಮನೆಗೆ ಬಂದು ಊಟ ಮಾಡಬಹುದು. ಹುಡುಗಿಯರದೇ ಕಾಲೇಜು ದೂರದಲ್ಲಿದೆ. ಅಲ್ಲಿಗೆ ಹೋಗಲು ನಸುಕಿನಲ್ಲಿ ಬಸ್ಸು ಹಿಡಿಯಬೇಕು ಅಥವಾ ವಸತಿ ನಿಲಯದಲ್ಲಿ ಇರಬೇಕು. ತರಗತಿಯಲ್ಲಿ ಹುಡುಗರು ಬೇಡವೆಂದು ಮಹಿಳಾ ಕಾಲೇಜಿಗೆ ಸೇರಿಸಿದರೆ, ಮೂರು ವರ್ಷ ದಿನಾಲೂ ತುಂಬಿದ ಬಸ್ಸಿನಲ್ಲಿ ಎರಡು-ಮೂರು ತಾಸು ಪ್ರಯಾಣ. ಯಾವುದು ಹೆಚ್ಚು ಸುರಕ್ಷಿತ? ಕೇವಲ ಕಾಲೇಜಿನ ಹೆಸರು ಇದಕ್ಕೆ ಉತ್ತರ ಹೇಳಲಾರದು.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾಯಿತು. ಟಿಕೆಟ್ಟಿನ ಖರ್ಚಿನ ನೆಪ ಹೋಯಿತು, ಸಮಯದ ತೊಂದರೆ ಉಳಿದಿದೆ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಬಾಲಕಿಯರ ವಸತಿ ನಿಲಯಗಳ ಬಗ್ಗೆ ಮಾಹಿತಿಯೇ ಇಲ್ಲದ ಪಾಲಕರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ.

ಸಿಂದಗಿ ಭಾಗದವರಿಗೆ ಇನ್ನೊಂದು ವಿಷಯ. ಕಲಬುರ್ಗಿ ತಮಗೆ ಸಮೀಪವೆಂದು ಅಲ್ಲಿನ ವಿಶ್ವವಿದ್ಯಾಲಯವನ್ನು ನೆಚ್ಚಿಕೊಳ್ಳುವವರು, 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371(ಜೆ) ಕಲಮಿನ ಸೌಲಭ್ಯ ವಿಜಯಪುರ ಜಿಲ್ಲೆಗೆ ಇಲ್ಲವೆಂಬುದನ್ನು ತಿಳಿದಿರಬೇಕು. ಅಲ್ಲಿಯ ಬಹುಪಾಲು ಸೀಟುಗಳು ಆ ಭಾಗದ ಸ್ಥಳೀಯರಿಗೆ ಮೀಸಲು. ಭೀಮಾ ನದಿಯ ಈ ದಡದವರು ಅಲ್ಲಿ ಹೊರಗಿನವರೇ.

ನಾವು ಕೇಳದೆ ಬಿಟ್ಟ ಪ್ರಶ್ನೆ

ನಮ್ಮ ಸಮಾಜದ ನಡವಳಿಕೆಯಲ್ಲಿರುವ ಒಂದು ವಿಚಿತ್ರವನ್ನು ಇಲ್ಲಿ ಹೇಳಲೇಬೇಕು. 1984ರಲ್ಲಿ ವಿಜಾಪುರದಲ್ಲಿ ಆರಂಭವಾದ ಅಲ್-ಅಮೀನ್ ವೈದ್ಯಕೀಯ ಕಾಲೇಜು ಮುಸ್ಲಿಂ ಆಡಳಿತದ್ದು. ಸಿಕ್ಯಾಬ್ ಸಂಸ್ಥೆಯ ಲುಕ್ಮಾನ್ ಯುನಾನಿ ಕಾಲೇಜು, ಇಂಜಿನಿಯರಿಂಗ್ ಕಾಲೇಜುಗಳೂ ಹಾಗೆಯೇ. ಇವೆಲ್ಲವುಗಳಲ್ಲಿ ಗಂಡು-ಹೆಣ್ಣು ಕೂಡಿಯೇ ಓದುತ್ತಾರೆ. ಮಗಳಿಗೆ ಎಂ.ಬಿ.ಬಿ.ಎಸ್. ಸೀಟು ಸಿಕ್ಕರೆ "ಅಲ್ಲಿ ಹುಡುಗರಿದ್ದಾರೆಯೇ?" ಎಂದು ಯಾವ ತಂದೆಯೂ ಕೇಳುವುದಿಲ್ಲ, ಮಿಠಾಯಿ ಹಂಚುತ್ತಾನೆ. ಅದೇ ತಂದೆ ಬಿ.ಎ. ಓದುವ ಮಗಳಿಗೆ ಮಾತ್ರ ಈ ಪ್ರಶ್ನೆ ಕೇಳುತ್ತಾನೆ. ಅಂದರೆ ಸಹಶಿಕ್ಷಣದ ಬಗ್ಗೆ ನಮ್ಮ ಆಕ್ಷೇಪಣೆಗೆ ಎಷ್ಟೋ ಸಲ ಧರ್ಮವಲ್ಲ, ಮಗಳ ಓದಿಗೆ ನಾವು ಕಟ್ಟಿದ ಬೆಲೆಯೇ ಕಾರಣ. ಓದು ಬೆಲೆಯುಳ್ಳದ್ದೆಂದು ತೋರಿದರೆ ದಾರಿ ಸಿಗುತ್ತದೆ. ಮದುವೆಯವರೆಗಿನ ಕಾಲಕ್ಷೇಪವೆಂದು ತೋರಿದರೆ ಅಡ್ಡಿಗಳು ಕಾಣುತ್ತವೆ.

ಮಹಿಳಾ ಕಾಲೇಜಿನ ಪರವಾಗಿ ಹೇಳುವ ಮಾತುಗಳಲ್ಲಿ ತೂಕವಿದೆ. ಅಲ್ಲಿ ಹುಡುಗಿಯರು ಮುಂದಿನ ಬೆಂಚಿನಲ್ಲಿ ಕೂರುತ್ತಾರೆ, ಪ್ರಶ್ನೆ ಕೇಳುತ್ತಾರೆ, ವಿದ್ಯಾರ್ಥಿ ಸಂಘದ ಕಾರ್ಯದರ್ಶಿಯಾಗುತ್ತಾರೆ, ಮೈದಾನದಲ್ಲಿ ಸಂಕೋಚವಿಲ್ಲದೆ ಆಡುತ್ತಾರೆ. ಸಹಶಿಕ್ಷಣದ ಪರವಾದ ಮಾತುಗಳಲ್ಲೂ ತೂಕವಿದೆ. ನಾಳೆ ನ್ಯಾಯಾಲಯದಲ್ಲಿ, ಬ್ಯಾಂಕಿನಲ್ಲಿ, ತಹಶೀಲ್ದಾರ ಕಚೇರಿಯಲ್ಲಿ ಗಂಡಸರೊಂದಿಗೆ ಕೆಲಸ ಮಾಡಬೇಕಾದವಳು ಅವರ ಮುಂದೆ ಮಾತಾಡುವುದನ್ನು ಎಲ್ಲಾದರೂ ಕಲಿಯಲೇಬೇಕು. ಸಂಶೋಧನೆ, ವಿಜ್ಞಾನ, ಕಾನೂನುಗಳಲ್ಲಿ ದೊಡ್ಡ ವಿಶ್ವವಿದ್ಯಾಲಯದ ಗ್ರಂಥಾಲಯ, ಪ್ರಯೋಗಾಲಯಗಳಿಗೆ ಬದಲಿ ಇಲ್ಲ.

ಮಹಿಳಾ ಕಾಲೇಜೆಂಬ ಫಲಕವಿದ್ದ ಮಾತ್ರಕ್ಕೆ ಎಲ್ಲ ಪ್ರಶ್ನೆಗಳೂ ಬಗೆಹರಿಯುತ್ತವೆಂಬ ಭ್ರಮೆಯೂ ಬೇಡ. 2021ರ ಕೊನೆಯಲ್ಲಿ ಹಿಜಾಬ್ ವಿವಾದ ಮೊದಲು ಎದ್ದದ್ದು ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ. 2022ರ ಮಾರ್ಚ್ 15ರಂದು ರಾಜ್ಯ ಹೈಕೋರ್ಟ್ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಕಾನೂನಿನ ವಿಚಾರ ಏನೇ ಇರಲಿ, ಪರೀಕ್ಷೆಯ ಹೊತ್ತಿನಲ್ಲಿ ಹೆಣ್ಣುಮಕ್ಕಳು ಓದು ಬಿಟ್ಟು ಗೇಟಿನ ಹೊರಗೆ ನಿಲ್ಲಬೇಕಾಗಿ ಬಂದದ್ದು ನೋವಿನ ಸಂಗತಿ. ಸೇರುವ ಮೊದಲೇ ಕಾಲೇಜಿನ ನಿಯಮಾವಳಿಗಳನ್ನು ಕೇಳಿ ತಿಳಿದುಕೊಳ್ಳುವುದು ಜಾಣತನ.

ಆಯ್ಕೆಗೆ ಮುನ್ನ

ಇತಿಹಾಸ ನಮಗೆ ಹೇಳುವುದಿಷ್ಟು: ಮಹಿಳಾ ಕಾಲೇಜು ಹೊರಬರಲಾಗದ ಮನೆಗಳಿಂದ ಹೆಣ್ಣುಮಕ್ಕಳನ್ನು ಹೊರಗೆ ಕರೆತಂದಿತು. ಸಹಶಿಕ್ಷಣದ ವಿಶ್ವವಿದ್ಯಾಲಯ ಅವರು ಯಾರಿಗೂ ಕಡಿಮೆಯಿಲ್ಲವೆಂದು ಸಾಬೀತುಪಡಿಸಲು ಜಾಗ ಕೊಟ್ಟಿತು. ಒಂದನ್ನು ಆರಿಸಿಕೊಂಡರೆ ಇನ್ನೊಂದು ಮುಚ್ಚಿಹೋಗುವುದಿಲ್ಲ. ಬಿ.ಎ.ಯನ್ನು ಮಹಿಳಾ ಕಾಲೇಜಿನಲ್ಲಿ ಮುಗಿಸಿ ಎಂ.ಎ.ಗೆ ಧಾರವಾಡಕ್ಕೆ ಹೋಗಬಹುದು. ಇಂಡಿಯ ಸಹಶಿಕ್ಷಣ ಕಾಲೇಜಿನಲ್ಲಿ ಓದಿ ಎಂ.ಎ.ಗೆ ತೊರವಿಯ ಮಹಿಳಾ ವಿಶ್ವವಿದ್ಯಾಲಯಕ್ಕೂ ಬರಬಹುದು. ಮುಚ್ಚಿಹೋಗುವುದು ಮಧ್ಯದಲ್ಲಿ ಓದು ಬಿಟ್ಟಾಗ ಮಾತ್ರ.

ಆದ್ದರಿಂದ ಪಾಲಕರು ಹುಡುಗರಿದ್ದಾರೆಯೇ ಎಂಬುದೊಂದನ್ನೇ ಕೇಳದೆ ಇನ್ನೂ ಕೆಲವನ್ನು ಕೇಳಲಿ. ಮಗಳಿಗೆ ಬೇಕಾದ ವಿಷಯ ಅಲ್ಲಿದೆಯೇ? ಆ ವಿಷಯಕ್ಕೆ ಕಾಯಂ ಉಪನ್ಯಾಸಕರಿದ್ದಾರೆಯೇ? ಗ್ರಂಥಾಲಯ, ಪ್ರಯೋಗಾಲಯ ತೆರೆದಿರುತ್ತವೆಯೇ? ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ? ವಸತಿ ನಿಲಯದ ಮೇಲ್ವಿಚಾರಕಿ ಯಾರು? ದೂರು ಬಂದರೆ ವಿಚಾರಿಸುವ ಸಮಿತಿ ಇದೆಯೇ? ಇಲ್ಲಿಂದ ಮುಂದೆ ಎಂ.ಎ.ಗೋ ಬಿ.ಇಡಿ.ಗೋ ದಾರಿಯಿದೆಯೇ? ಇವುಗಳಿಗೆ ಸರಿಯಾದ ಉತ್ತರ ಸಿಕ್ಕ ಕಾಲೇಜು ಮಹಿಳಾ ಕಾಲೇಜಾಗಿರಲಿ, ಸಹಶಿಕ್ಷಣದ್ದಾಗಿರಲಿ, ಒಳ್ಳೆಯ ಕಾಲೇಜೇ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ಮಗಳಿಗೇ ಕೇಳಬೇಕು. ನಿಕಾಹ್ ಹೊತ್ತಿನಲ್ಲಿ ವಕೀಲ, ಸಾಕ್ಷಿಗಳು ಬಂದು ಹೆಣ್ಣಿನ ಒಪ್ಪಿಗೆ ಕೇಳಲೇಬೇಕು. ಅವಳ ಬಾಯಿಂದ ಒಪ್ಪಿಗೆ ಬಾರದೆ ನಿಕಾಹ್ ಇಲ್ಲವೆಂಬುದನ್ನು ನಮ್ಮ ಸಣ್ಣ ಮಕ್ಕಳೂ ಬಲ್ಲರು. ಬದುಕಿನ ಅಷ್ಟು ದೊಡ್ಡ ನಿರ್ಧಾರದಲ್ಲಿ ಅವಳ ಮಾತಿಗೆ ಧರ್ಮವೇ ಸ್ಥಾನ ಕೊಟ್ಟಿರುವಾಗ, ಯಾವ ಕಾಲೇಜು, ಯಾವ ವಿಷಯ ಎಂಬ ನಿರ್ಧಾರದಲ್ಲಿ ಅವಳನ್ನು ಕೇಳದೆ ಬಿಡುವುದು ಯಾವ ನ್ಯಾಯ?

ಸಾಚಾರ್ ಸಮಿತಿಯು 2006ರ ತನ್ನ ವರದಿಯಲ್ಲಿ ದೇಶದ ಉತ್ತಮ ಕಾಲೇಜುಗಳ ಪದವಿ ತರಗತಿಗಳಲ್ಲಿ 25 ವಿದ್ಯಾರ್ಥಿಗಳಿಗೆ ಒಬ್ಬರು, ಸ್ನಾತಕೋತ್ತರ ತರಗತಿಗಳಲ್ಲಿ 50ಕ್ಕೆ ಒಬ್ಬರು ಮಾತ್ರ ಮುಸ್ಲಿಮರೆಂದು ಹೇಳಿತ್ತು. ಪದವಿಯಿಂದ ಸ್ನಾತಕೋತ್ತರಕ್ಕೆ ಏರುವ ಒಂದೇ ಮೆಟ್ಟಿಲಿನಲ್ಲಿ ಪ್ರಮಾಣ ಅರ್ಧಕ್ಕೆ ಇಳಿದದ್ದನ್ನು ಗಮನಿಸಿರಿ. ನಮ್ಮ ಜಿಲ್ಲೆಯ ಜನಸಂಖ್ಯೆಯಲ್ಲಿ 2011ರ ಗಣತಿಯಂತೆ ಶೇ. 17ರಷ್ಟಿರುವ ನಾವು ಆ ಮೆಟ್ಟಿಲಿನ ಮೇಲೆ ಎಷ್ಟು ಜನರಿದ್ದೇವೆಂದು ನಮ್ಮ ನಮ್ಮ ಓಣಿಗಳಲ್ಲಿ ಎಣಿಸಿ ನೋಡಿದರೆ ಸಾಕು.

ಸಂಘದ ಸದಸ್ಯರಲ್ಲಿ ಒಂದು ವಿನಂತಿ. ಪಿ.ಯು.ಸಿ. ಫಲಿತಾಂಶ ಬಂದ ವಾರದಲ್ಲಿಯೇ ನಾಲ್ಕೂ ತಾಲೂಕುಗಳಲ್ಲಿ ಪಾಸಾದ ಹೆಣ್ಣುಮಕ್ಕಳ ಯಾದಿ ಮಾಡಿರಿ. ಕಲಿತ ಹೆಣ್ಣುಮಕ್ಕಳನ್ನೇ ಜೊತೆಗೆ ಕರೆದುಕೊಂಡು ಅವರ ಮನೆಗಳಿಗೆ ಹೋಗಿರಿ. ವಸತಿ ನಿಲಯದ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ, ಬಸ್ಸಿನ ವೇಳಾಪಟ್ಟಿ ನಿಮ್ಮ ಕೈಯಲ್ಲಿರಲಿ. ವಿದ್ಯಾರ್ಥಿನಿಯರೇ, ನಿಮಗೂ ಒಂದು ಮಾತು. ನಿಮ್ಮ ಅಬ್ಬಾಜಾನ್, ಅಮ್ಮಿ ಕೇಳುವ ಪ್ರಶ್ನೆಗಳ ಹಿಂದೆ ಭಯದ ಜೊತೆಗೆ ಪ್ರೀತಿಯೂ ಇರುತ್ತದೆ. ಸಿಟ್ಟಾಗದೆ, ಎರಡೂ ಕಾಲೇಜುಗಳ ಮಾಹಿತಿಯನ್ನು ತಂದು ಅವರ ಮುಂದಿಟ್ಟು, ನಿಮಗೇನು ಬೇಕೆಂಬುದನ್ನು ಸ್ಪಷ್ಟವಾಗಿ ಹೇಳಿರಿ. ಪ್ರವೇಶದ ಕೊನೆಯ ದಿನಾಂಕಕ್ಕೆ ಮೊದಲೇ ಹೇಳಿರಿ.